ಚಾವಯ್ಯನ ಪಾದೋದಕ

ಇಂದ್ರಗಿರಿ ರಾಜಧಾನಿಯಲ್ಲಿ ಅಂದು ವಸಂತೋತ್ಸವ. ಕೋಟೆಯ ಬಾಗಿಲಿಗೆ ಮಾವಿನ ತಳಿರು, ಅಂಗಡಿಬೀದಿಯಲ್ಲಿ ಓಕುಳಿ, ಆನೆಲಾಯದ ಮುಂದೆ ಹೂವಾಡಗಿತ್ತಿಯರ ಜಗಳ. ಎಲ್ಲವೂ ಎಂದಿನಂತಿತ್ತು, ಸಿಂಹಾಸನದಲ್ಲಿ ಕುಳಿತವನೊಬ್ಬನ ಹೊರತು. ದಂಡನಾಯಕ ಕೇತಮಲ್ಲನು ದೊರೆಯನ್ನು ಕೊಲ್ಲಿಸಿ ಪಟ್ಟವೇರಿದ್ದನು. ದೂರದ ಗುರುಕುಲದಲ್ಲಿ ಬೆಳೆದು ಅರಮನೆಯವರಿಗೂ ಮುಖಪರಿಚಯವಿಲ್ಲದ, ಆಗ ತಪ್ಪಿಸಿಕೊಂಡಿದ್ದ ರಾಜಕುಮಾರ ಕೀರ್ತಿದೇವನನ್ನು ಅಡಗಿಸಿಟ್ಟವನು ಮಂತ್ರಿ ಬೊಪ್ಪರಸ. ಹೊಸ ಒಡೆಯನಿಗೆ ತಲೆಬಾಗುತ್ತಲೇ ಹಳೆಯ ಉಪ್ಪಿನ ಋಣ ತೀರಿಸುತ್ತಿದ್ದ ಮುದುಕನವನು.

ಗಡಿಯ ಸಾಮಂತರು ದಂಡು ಕೂಡಿಸುವವರೆಗೆ ಕುಮಾರನು ಊರೊಳಗೇ ಆಳಿನ ವೇಷದಲ್ಲಿ ಬದುಕಬೇಕಿತ್ತು. ಆದರೆ ಬಟ್ಟೆ ಬದಲಿಸಿದ ಮಾತ್ರಕ್ಕೆ ಅರಸುಮಗನ ಕತ್ತು ಬಾಗುವುದೇ? ಅವನಿಗೆ ನಟನೆ ಕಲಿಸಲು ಗುರುವೊಬ್ಬ ಬೇಕಾಗಿತ್ತು.

ಹಬ್ಬಕ್ಕೆ ಕೆಲವು ತಿಂಗಳ ಹಿಂದೆಯೇ ಬೊಪ್ಪರಸನು ಮೊದಲು ಅರಮನೆಯ ನಾಟ್ಯಶಾಲೆಗೆ ಹೋಗಿದ್ದನು. ಅಲ್ಲಿಯ ಶಿಷ್ಯನೊಬ್ಬ ಪುತ್ರಶೋಕವನ್ನು ಅಭಿನಯಿಸಿದಾಗ ಮಂತ್ರಿಯೂ ಅತ್ತನು. ಅಳು ನಿಂತ ಮೇಲೆ, ಇಂಥ ನಟನನ್ನು ಊರೇ ಗುರುತು ಹಿಡಿಯುತ್ತದೆಂದು ಹೆದರಿ ಎದ್ದು ಬಂದನು. ಕುಂಬಾರಕೆರೆಯ ಬಳಿ ನಟನೆ ಕಲಿಸುತ್ತಿದ್ದ ಮುದುಕ ಚಾವಯ್ಯನ ಹೆಂಚಿನ ಮನೆಯಲ್ಲಿ ಪ್ರದರ್ಶನವೇ ಇರಲಿಲ್ಲ. ಕುಡಿಯಲು ಮಜ್ಜಿಗೆ ಮಾತ್ರ ಬಂತು.

"ಮಂತ್ರಿಗಳೇ, ಮಜ್ಜಿಗೆ ಕೊಟ್ಟವನ ಮುಖ ನೆನಪಿದೆಯೇ?" ಎಂದನು ಚಾವಯ್ಯ.

"ಇಲ್ಲ, ಆಚಾರ್ಯರೇ."

"ನನ್ನ ಶಿಷ್ಯರಲ್ಲಿ ಅವನೇ ಮೇಲು."

ಬೊಪ್ಪರಸನು ಕುಮಾರನನ್ನು ಅವನಿಗೇ ಒಪ್ಪಿಸಿದನು.

ಚಾವಯ್ಯ ಅವನನ್ನು ಶಿಷ್ಯರ ಸಾಲಿಗೆ ಸೇರಿಸದೆ ಮನೆಯ ನೀರಾಳು ಮಾಡಿದನು. "ಕುಮಾರ, ಆಳು ಬೇಸರದಿಂದ ನೀರು ಹೊರುತ್ತಾನೆ, ನೀನು ತ್ಯಾಗ ಮಾಡುವವನಂತೆ ಹೊರುತ್ತೀಯೆ. ಮತ್ತೆ ಹೊತ್ತು ತಾ" ಎನ್ನುತ್ತಿದ್ದನು. ತಂದೆ ಸತ್ತಾಗಲೂ ಅಳದ ಯುವಕ ಆ ಮಾತಿಗೆ ಕಣ್ಣೀರು ನುಂಗುತ್ತಿದ್ದನು. ಸಂಜೆ ಬಾಗಿಲು ಮುಚ್ಚಿದ ಮೇಲೆ ಮಾತ್ರ ಅವನು ಶಿಷ್ಯನಾಗಿ ಗುರುವಿನ ಪಾದ ತೊಳೆದು, ಆ ನೀರನ್ನು ತಲೆಗೆ ಹಚ್ಚಿಕೊಳ್ಳುತ್ತಿದ್ದನು. ತಂದೆಯಿಲ್ಲದವನಿಗೆ ಆ ಮುದುಕನೆಂದರೆ ಪ್ರಾಣವಾಗಿತ್ತು.

ಗೋಡೆಗೂ ಕಿವಿಯಿರುವ ಊರದು. ಕುಮಾರನು ಚಾವಯ್ಯನ ಶಿಷ್ಯನಾಗಿದ್ದಾನೆಂಬ ಸುದ್ದಿ ಕೇತಮಲ್ಲನಿಗೆ ಮುಟ್ಟಿತು. ಆ ವಸಂತೋತ್ಸವದ ನಡುವೆಯೇ ಚಾವಯ್ಯನನ್ನೂ ಅವನ ಮನೆಮಂದಿಯನ್ನೂ ಅರಮನೆಯ ಅಂಗಳಕ್ಕೆ ಎಳೆದು ತಂದರು. ಶಿಷ್ಯರೊಬ್ಬೊಬ್ಬರಿಗೂ ಊರಿನಲ್ಲಿ ಹೆತ್ತವರಿದ್ದರು. ಅವರನ್ನು ಕರೆಸಿ ಕೇಳಿ ಬಿಟ್ಟದ್ದಾಯಿತು. ನೀರಿನ ಕೊಡ ಹಿಡಿದು ಮೂಲೆಯಲ್ಲಿ ನಿಂತಿದ್ದ ಆಳನ್ನು ಯಾರೂ ಕೇಳಲಿಲ್ಲ.

"ಕುಮಾರನನ್ನು ತೋರಿಸು, ಬದುಕುತ್ತೀಯೆ. ಇಲ್ಲವಾದರೆ ಈ ಅಂಗಳದಲ್ಲೇ ನಿನ್ನ ತಲೆ ಉರುಳುತ್ತದೆ" ಎಂದನು ಕೇತಮಲ್ಲ.

"ಪ್ರಭು, ನನ್ನ ಶಿಷ್ಯರನ್ನೆಲ್ಲ ನೋಡಿದಿರಲ್ಲ" ಎಂದನು ಚಾವಯ್ಯ.

ತಲೆ ಕಡಿಯುವ ಭಟನು ಖಡ್ಗ ಹಿರಿದನು. ಮೂಲೆಯಲ್ಲಿ ಕೀರ್ತಿದೇವನ ಬೆನ್ನು ನೆಟ್ಟಗಾಯಿತು. ಒಂದು ಹೆಜ್ಜೆ ಮುಂದಿಟ್ಟರೆ ಗುರು ಉಳಿಯುತ್ತಿದ್ದನು. ಚಾವಯ್ಯ ಅದನ್ನು ಕಂಡನು.

"ಎಲೋ ಸೋಮಾರಿ, ಕಂಬದ ಹಾಗೆ ನಿಂತೆಯಲ್ಲ" ಎಂದು ಗದರಿದನು. "ಸಾಯುವವನು ಕೊಳಕು ಕಾಲಿನಲ್ಲಿ ಹೋಗಬೇಕೇ? ನೀರು ತಾ."

ಬೆನ್ನು ಬಾಗಿತು. ಆಳು ಕಾಲೆಳೆಯುತ್ತ ಬಂದನು, ನೀರು ಸುರಿದನು, ಪಾದ ತಿಕ್ಕಿದನು. ಒದ್ದೆಯಾದ ಬಲಗೈ ತಾನಾಗಿಯೇ ತಲೆಯತ್ತ ಏಳತೊಡಗಿತು. ಆ ಕೈ ನಡುವಿನಲ್ಲೇ ತಡೆದು, ಸೊಂಟದ ಬಟ್ಟೆಗೆ ಒರೆಸಿಕೊಂಡು ಕೊಡವನ್ನು ಎತ್ತಿತು. ಕೇತಮಲ್ಲ ಆಕಳಿಸಿ ಕೈಸನ್ನೆ ಮಾಡಿದನು. ಚಾವಯ್ಯ ಕೊನೆಯವರೆಗೂ ಶಿಷ್ಯನತ್ತ ನೋಡಲಿಲ್ಲ.

ಮುಂದಿನ ವಸಂತಕ್ಕೆ ಸಾಮಂತರ ದಂಡು ಬಂದು, ಕೇತಮಲ್ಲ ಮಡಿದು, ಕೀರ್ತಿದೇವನಿಗೆ ಪಟ್ಟವಾಯಿತು. ಪದ್ಧತಿಯಂತೆ ಹೊಸ ದೊರೆಯ ಪಾದ ತೊಳೆಯಲು ಬೊಪ್ಪರಸನು ಚಿನ್ನದ ಗಿಂಡಿ ತಂದನು.

"ಆ ಗುರುವನ್ನು ಆರಿಸಿ ಅವರ ಪ್ರಾಣ ತೆಗೆದವನು ನಾನೇ, ಮಹಾಪ್ರಭು."

"ಒಳ್ಳೆಯ ಗುರುವನ್ನೇ ಆರಿಸಿದಿರಿ, ಮಂತ್ರಿಗಳೇ" ಎಂದನು ದೊರೆ. "ಅವರು ಕಲಿಸಿದ್ದನ್ನು ನಾನು ತಪ್ಪಿಲ್ಲದೆ ಮಾಡಿದೆ. ಅದೇ ನನ್ನನ್ನು ಸುಡುತ್ತಿದೆ."

ಅವನು ಗಿಂಡಿಯನ್ನು ಕೈಗೆ ತೆಗೆದುಕೊಂಡು ಅಂಗಳಕ್ಕಿಳಿದನು. ಚಾವಯ್ಯ ನಿಂತಿದ್ದ ಕಲ್ಲಿನ ಮೇಲೆ ನೀರು ಸುರಿದು, ತುಂಬಿದ ಸಭೆಯೆದುರು ಮೊಣಕಾಲೂರಿ, ಒದ್ದೆಯಾದ ಬಲಗೈಯನ್ನು ತಲೆಗೆ ಹಚ್ಚಿಕೊಂಡನು. ಆಮೇಲೆ ಅತ್ತನು.