ದರ್ಜಿಯ ಬೆನ್ನ ಮೇಲಿನ ಗಾಯ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ ಕಳವಿರಲಿಲ್ಲ, ಹೊಡೆದಾಟವಿರಲಿಲ್ಲ, ಕಾಣೆಯಾದವರೂ ಇರಲಿಲ್ಲ. ದೂರು ತಂದವರು ದೊಡ್ಡಾಸ್ಪತ್ರೆಯ ಪೆಥಾಲಜಿ ಡಾಕ್ಟರಮ್ಮ. ರೋಗಿಗಳ ಮೈಯಿಂದ ಕತ್ತರಿಸಿ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಇದು ಕ್ಯಾನ್ಸರ್ ಗಡ್ಡೆ, ಇದು ಅಲ್ಲ ಎಂದು ಹೇಳುವುದು ಅವರ ಕೆಲಸ. ಕುರ್ಚಿ ಎಳೆದುಕೊಂಡು ಕೂತವರೇ, "ಒಬ್ಬರ ಗಾಯವನ್ನ ಯಾರೋ ವಾಸಿಯಾಗೋಕೆ ಬಿಡ್ತಿಲ್ಲ," ಎಂದರು.

ದಫೇದಾರನ ಪೆನ್ನು ನಿಂತಿತು. "ಗಾಯ ವಾಸಿಯಾಗ್ಲಿಲ್ಲ ಅಂತ ಡಾಕ್ಟ್ರ ಮೇಲೆ ದೂರು ಬರೋದು ಗೊತ್ತು. ಡಾಕ್ಟ್ರೇ ದೂರು ತಂದಿದ್ದು ನನ್ನ ಸರ್ವಿಸ್‌ನಲ್ಲಿ ಇದೇ ಮೊದಲು."

"ನಿಮ್ಮ ಸರ್ವಿಸ್ ಆಮೇಲೆ ಕೇಳೋಣ, ಬರ್ಕೊಳ್ರಿ," ಎಂದರು ಇನ್ಸ್‌ಪೆಕ್ಟರ್.

ವಿಷಯ ಇಷ್ಟು. ಒಬ್ಬ ವಯಸ್ಸಾದ ದರ್ಜಿ, ಒಂಟಿ ಜೀವ. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೆನ್ನಿನಲ್ಲಿ, ಎರಡು ಹೆಗಲ ಮೂಳೆಗಳ ನಡುವೆ ಎದ್ದಿದ್ದ ಕ್ಯಾನ್ಸರ್ ಗಡ್ಡೆಯನ್ನು ಸರ್ಜನ್ ತೆಗೆದುಹಾಕಿದ್ದರು. ಇನ್ನು ಆ ಜಾಗಕ್ಕೆ ವಿಕಿರಣ, ಜನರ ಬಾಯಲ್ಲಿ ಹೇಳುವುದಾದರೆ ಕರೆಂಟು, ಕೊಡಬೇಕಿತ್ತು. ಗಾಯ ಮುಚ್ಚದೆ ಕರೆಂಟು ಕೊಡುವ ಹಾಗಿಲ್ಲ. ಕರೆಂಟು ತಡವಾದರೆ ಎಲ್ಲೋ ಉಳಿದ ಬೇರು ಮತ್ತೆ ಚಿಗುರುತ್ತದೆ. ಒಂದು ತಿಂಗಳಲ್ಲಿ ಮುಚ್ಚಬೇಕಿದ್ದ ಗಾಯ ಮೂರನೇ ತಿಂಗಳಿಗೂ ಬಾಯಿ ಬಿಟ್ಟುಕೊಂಡೇ ಇತ್ತು. ಗಡ್ಡೆಯೇ ಮರಳಿ ಬಂತೇನೋ ಎಂದು ಹೆದರಿದ ಸರ್ಜನ್, ಗಾಯದ ಅಂಚಿನಿಂದ ಒಂದು ಚೂರು ತೆಗೆದು ಡಾಕ್ಟರಮ್ಮನಿಗೆ ಕಳಿಸಿದ್ದರು.

"ಗಡ್ಡೆ ಇಲ್ಲ," ಎಂದರು ಡಾಕ್ಟರಮ್ಮ. "ಇದ್ದಿದ್ರೆ ನಾನು ನಿಮ್ಮ ಹತ್ರ ಯಾಕೆ ಬರ್ತಿದ್ದೆ? ಬನ್ನಿ, ತೋರಿಸ್ತೀನಿ."

ಪೆಥಾಲಜಿ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಫಾರ್ಮಾಲಿನ್ ವಾಸನೆಗೆ ಇನ್ಸ್‌ಪೆಕ್ಟರರ ಕಣ್ಣು ಉರಿಯಿತು. ರೋಗಿಗಳು ಕಾಲಿಡದ ಜಾಗ ಅದು; ಅವರ ಚೂರುಗಳಷ್ಟೇ ಬರುತ್ತವೆ. ಡಾಕ್ಟರಮ್ಮ ಗಾಜಿನ ಪಟ್ಟಿಯೊಂದನ್ನು ಇಟ್ಟು, ಕಣ್ಣಿಡಲು ಹೇಳಿದರು. ಇನ್ಸ್‌ಪೆಕ್ಟರರಿಗೆ ಕಂಡದ್ದು ಗುಲಾಬಿ, ನೇರಳೆ ಬಣ್ಣದ ಪದರಗಳು.

"ಗಾಯ ತಳದಿಂದ ತುಂಬ್ಕೊಂಡು ಬರುತ್ತೆ. ಮೊದಲು ಎಳೇ ಮಾಂಸ, ಸಣ್ಣ ಸಣ್ಣ ರಕ್ತನಾಳ. ಆಮೇಲೆ ಅದೇ ಗಟ್ಟಿಯಾಗಿ ಕಲೆ ಆಗುತ್ತೆ. ಇಲ್ಲಿ ನೋಡಿ: ಕಲೆ ಆಗಿದೆ, ಅದರ ಮೇಲೆ ರಕ್ತ. ಮತ್ತೆ ಎಳೇ ಮಾಂಸ, ಮತ್ತೆ ಹರಿದಿದೆ. ಗೋಡೆಗೆ ಸುಣ್ಣದ ಮೇಲೆ ಸುಣ್ಣ ಬಳಿದ ಹಾಗೆ. ಈ ಮೈ ವಾಸಿಯಾಗೋಕೆ ಒದ್ದಾಡ್ತಾ ಇದೆ ಸಾರ್. ಇನ್ನೇನು ಮುಚ್ಚಬೇಕು ಅನ್ನೋಷ್ಟರಲ್ಲಿ ಯಾರೋ ಕೆರೀತಿದ್ದಾರೆ."

"ಸೋಂಕು? ಸಕ್ಕರೆ ಕಾಯಿಲೆ?"

"ಎರಡೂ ಇಲ್ಲ. ಅದನ್ನೆಲ್ಲ ನೋಡಿಯೇ ಬಂದಿದ್ದು. ಈ ತಿಂಗಳಲ್ಲಿ ಕರೆಂಟು ಶುರುವಾಗ್ಲಿಲ್ಲ ಅಂದ್ರೆ ನಾನು ಮುಂದೆ ಅವರದ್ದು ನೋಡೋದು ಗಡ್ಡೆಯ ಚೂರೇ."

ಅಪರಿಚಿತ ವ್ಯಕ್ತಿಯ ವಿರುದ್ಧ ಅಂದೇ ಎಫ್‌ಐಆರ್ ದಾಖಲಾಯಿತು.

ದಫೇದಾರನಿಗೆ ಕೇಸು ಆಗಲೇ ಮುಗಿದಿತ್ತು. "ಆ ಮುದುಕಪ್ಪನೇ ಕೆರ್ಕೊಂಡಿರ್ತಾನೆ ಸಾರ್. ವಯಸ್ಸಾದೋರಿಗೆ ಕೈ ಸುಮ್ನಿರಲ್ಲ."

"ನಿಮ್ಮ ಬೆನ್ನ ಮಧ್ಯಕ್ಕೆ ಕೈ ಹಾಕಿ ನೋಡೋಣ."

ದಫೇದಾರ ಮೇಲಿನಿಂದ ಹಾಕಿದ, ಕೆಳಗಿನಿಂದ ಹಾಕಿದ, ಕೊನೆಗೆ ಲಾಠಿ ತರಿಸಿದ. ಠಾಣೆಯವರೆಲ್ಲ ಕೆಲಸ ಬಿಟ್ಟು ನೋಡಿದರು. "ಆಗಲ್ಲ ಸಾರ್," ಎಂದು ಏದುಸಿರು ಬಿಟ್ಟು ಕೂತ.

ಮಂಗಳವಾರ ಮಧ್ಯಾಹ್ನ ಇಬ್ಬರೂ ದರ್ಜಿಯ ಮನೆಗೆ ಹೋದರು. ಎರಡಂತಸ್ತಿನ ಮನೆಯ ಕೆಳಗಿನ ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯ ಮೇಲೆ ಕತ್ತರಿಗಳು, ಒಂದು ಮಂಚ, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ಚಿಂದಿ ಬಟ್ಟೆ ಕೂಡಿಸಿ ಹೊಲಿದ ಹೊಸ ದಿಂಬಿತ್ತು.

"ಪೊಲೀಸ್ನೋರು ಅಳತೆ ಕೊಡೋಕೆ ಬಂದ್ರಾ, ತಗೊಳ್ಳೋಕೆ ಬಂದ್ರಾ?" ಎಂದ ದರ್ಜಿ. ತೆಳ್ಳನೆಯ ಮನುಷ್ಯ, ಮಾತಿಗೆ ಹಸಿದವನಂತೆ ಕಂಡ. ಬೆನ್ನು ತೋರಿಸಿ ಎಂದರೆ ತಟ್ಟನೆ ಅಂಗಿ ಎತ್ತಿದ. "ನೋಡಿ, ಆ ಸರ್ಜನ್ ಒಳ್ಳೇ ಮನುಷ್ಯ. ಆದ್ರೆ ಹೊಲಿಗೆ ಬರೀ ಕಚ್ಚಾ. ನನ್ನ ಹತ್ರ ಕೆಲಸಕ್ಕೆ ಬಂದಿದ್ರೆ ಗುಂಡಿ ಹಚ್ಚೋಕೂ ಬಿಡ್ತಿರ್ಲಿಲ್ಲ."

"ಮನೆಗೆ ಯಾರ್ಯಾರು ಬರ್ತಾರೆ?"

"ಮೇಲಿನ ಮನೆಯಮ್ಮ ಊಟ ಇಟ್ಟು ಹೋಗ್ತಾರೆ. ಸೋಮವಾರ, ಗುರುವಾರ ಕಾಂಪೌಂಡರ್ ಬಂದು ಡ್ರೆಸ್ಸಿಂಗ್ ಮಾಡ್ತಾನೆ. ಮುಗೀತು. ಮೂರನೇ ಹೆಸರು ಬೇಕು ಅಂದ್ರೆ ಹಲ್ಲಿ ಒಂದಿದೆ."

"ಡ್ರೆಸ್ಸಿಂಗ್ ಮಾಡುವಾಗ ನೋವಾಗುತ್ತಾ?"

ದರ್ಜಿ ಅಂಗಿ ಕೆಳಗಿಳಿಸಿದ. "ಗಾಯ ಅಂದ್ಮೇಲೆ ನೋವಾಗದೆ ಇರುತ್ತಾ?"

ಕಿಟಕಿಯ ಸರಳಿಗೆ ತಿಳಿನೀಲಿ ಅಂಗಿಯೊಂದು ತೂಗುತ್ತಿತ್ತು. ಒಂದು ತೋಳು ಕೂಡಿಸಿತ್ತು, ಇನ್ನೊಂದನ್ನು ಗುಂಡುಪಿನ್ನು ಚುಚ್ಚಿ ನಿಲ್ಲಿಸಿತ್ತು. ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ನೋಡಿದರು. ಆ ಎರಡನೇ ತೋಳಿನ ಸುತ್ತ ಬಟ್ಟೆಯ ತುಂಬ ಸೂಜಿಯ ತೂತುಗಳು, ಸಾಲಿನ ಪಕ್ಕ ಸಾಲು.

"ಅದು ಕಾಂಪೌಂಡರ್‌ದು," ಎಂದ ದರ್ಜಿ. "ಗಾಯ ವಾಸಿಯಾದ ದಿನ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ."

ಪಾಪ, ಕಣ್ಣು ಮಂಜಾಗಿದೆ, ಹೊಲಿದದ್ದು ಸರಿಹೋಗದೆ ಮತ್ತೆ ಮತ್ತೆ ಬಿಚ್ಚುತ್ತಿದ್ದಾನೆ ಎಂದುಕೊಂಡರು ಇನ್ಸ್‌ಪೆಕ್ಟರ್.

ಮೇಲಿನ ಮನೆಯಮ್ಮನ ವಿಚಾರಣೆ ಬಾಗಿಲಲ್ಲೇ ಮುಗಿಯಿತು. ಗಾಯ ಎಂಬ ಮಾತು ಕೇಳುತ್ತಲೇ ಆಕೆ ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟಳು. ರಕ್ತ ಕಂಡರೆ ಆಕೆ ತಲೆ ಸುತ್ತಿ ಬೀಳುತ್ತಾಳಂತೆ. ದಫೇದಾರನೇ ನೀರು ತಂದುಕೊಟ್ಟ. ಉಳಿದವನು ಒಬ್ಬನೇ.

ಕಾಂಪೌಂಡರ್ ಎಂದೇ ಜನ ಕರೆಯುತ್ತಿದ್ದ ಆತ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಕೆಲಸ ಮಾಡಿ ನಿವೃತ್ತನಾದವನು. ಈಗ ಮನೆಮನೆಗೆ ಹೋಗಿ ಗಾಯ ಕಟ್ಟುತ್ತಿದ್ದ. ಸರ್ಜನ್ನರನ್ನು ಕೇಳಿದರೆ, "ಅವನಾ? ಛೆ ಛೆ. ಅವನ ಕೈ ಹೂವಿನ ಹಾಗೆ," ಎಂದರು. ಯಾರನ್ನು ಕೇಳಿದರೂ ಅದೇ ಮಾತು. ಆದರೆ ಅವನ ಮನೆ ಎಲ್ಲಿದೆ ಎಂದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಸಂಜೆ ಇನ್ಸ್‌ಪೆಕ್ಟರ್ ಕ್ವಾರ್ಟರ್ಸಿಗೆ ಹೋಗಿ ಬೀಗ ತೆಗೆದರು. 'ಬಂದ್ರಾ' ಎನ್ನುವವರಿಲ್ಲದ ಮನೆ. ಈ ಊರಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ನನ್ನ ಮನೆ ಎಲ್ಲಿದೆ ಎಂದು ಕೇಳಿದರೆ ಯಾರು ಹೇಳುತ್ತಾರೆ ಎಂದು ಯೋಚಿಸಿ, ದಫೇದಾರನೊಬ್ಬ ಹೇಳಿಯಾನು ಎಂದು ಸಮಾಧಾನ ಮಾಡಿಕೊಂಡರು. ಅನ್ನ ತಣ್ಣಗಾಗಿತ್ತು, ಹಾಗೇ ಉಂಡರು.

ಅನುಮಾನ ಸಾಕಾಗುವುದಿಲ್ಲ, ಸಾಕ್ಷ್ಯ ಬೇಕು. ಲಂಚದ ಕೇಸುಗಳಲ್ಲಿ ನೋಟಿಗೆ ಪುಡಿ ಸವರಿ, ಮುಟ್ಟಿದವನ ಕೈ ತೊಳೆಸಿ ಬಣ್ಣ ಬರಿಸುವುದು ಇನ್ಸ್‌ಪೆಕ್ಟರರಿಗೆ ಹಳೆಯ ವಿದ್ಯೆ. ಬುಧವಾರ ಡಾಕ್ಟರಮ್ಮನ ಮುಂದೆ ಕೂತು ಕೇಳಿದರು, "ನಿಮ್ಮಲ್ಲಿ ಅಳಿಸದ ಬಣ್ಣ ಇದ್ಯಾ?"

"ನಾನು ಗಡ್ಡೆಯ ಅಂಚಿಗೆ ಹಚ್ಚೋದು ಬೇಡ, ಅದು ಬದುಕಿರೋ ಮೈಗೆ ಆಗಲ್ಲ. ಆಪರೇಷನ್‌ಗೆ ಮುಂಚೆ ಚರ್ಮದ ಮೇಲೆ ಗೆರೆ ಎಳೆಯೋಕೆ ಸರ್ಜನ್ ಹತ್ರ ನೇರಳೆ ಬಣ್ಣ ಇರುತ್ತೆ." ಡಾಕ್ಟರಮ್ಮ ಇನ್ಸ್‌ಪೆಕ್ಟರರ ಮುಖ ನೋಡಿದರು. "ಅಂದ್ರೆ ಆ ಮುದುಕರಿಗೆ ಇನ್ನೊಂದು ಸಲ ನೋವಾಗುತ್ತೆ. ಗೊತ್ತು ತಾನೆ?"

"ಗೊತ್ತು," ಎಂದರು ಇನ್ಸ್‌ಪೆಕ್ಟರ್. ಹೇಳುವಾಗ ಅವರಿಗೇ ತಮ್ಮ ಮೇಲೆ ಬೇಸರವಾಯಿತು.

ಅಂದೇ ದರ್ಜಿಯನ್ನು ಆಸ್ಪತ್ರೆಗೆ ಕರೆಸಿ, ಗಾಯದ ಅಂಚಿನ ಸುತ್ತ ಸರ್ಜನ್ ಬಣ್ಣ ಹಚ್ಚಿ, ಒಳಪಟ್ಟಿ ಅಂಟಿಸಿ, ಮೇಲೊಂದು ಹೊರಪಟ್ಟಿ ಕಟ್ಟಿದರು. ಬಣ್ಣದ ಸುದ್ದಿ ಎತ್ತದೆ, ಕಾಂಪೌಂಡರನನ್ನೂ ಕರೆಸಿ ಎದುರಿಗೇ ಹೇಳಿದರು: ಹೊರಗಿನದನ್ನಷ್ಟೇ ಬದಲಿಸು, ಒಳಗಿನದನ್ನು ಮುಟ್ಟಬೇಡ. "ಸರಿ ಸಾರ್," ಎಂದಿದ್ದ ಆತ.

ಗುರುವಾರ ಸಂಜೆ ನಾಲ್ಕಕ್ಕೆ ಕಾಂಪೌಂಡರ್ ಒಳಗೆ ಹೋದ. ಎದುರಿನ ಇಸ್ತ್ರಿ ಅಂಗಡಿಯಲ್ಲಿ ಇನ್ಸ್‌ಪೆಕ್ಟರ್, ದಫೇದಾರ, ಸಾಕ್ಷಿಗೆಂದು ಇಬ್ಬರು ಪಂಚರು ಕಾದರು. ಒಳಗಿನಿಂದ ಮಾತು ಕೇಳಿಸುತ್ತಿತ್ತು, ಒಮ್ಮೆ ಇಬ್ಬರೂ ನಕ್ಕದ್ದೂ ಕೇಳಿಸಿತು. ಡ್ರೆಸ್ಸಿಂಗ್‌ಗೆ ಅಷ್ಟು ಹೊತ್ತು ಬೇಕೇ ಎಂದು ಇಸ್ತ್ರಿಯವನೇ ಗೊಣಗಿದ. ಐದೂಕಾಲಿಗೆ ಆತ ಹೊರಬಂದಾಗ ದಫೇದಾರ ಅಡ್ಡ ನಿಂತ.

"ಚೀಲ ತೆಗೀರಿ."

ಪಂಚರ ಸಮಕ್ಷಮದಲ್ಲಿ ಚೀಲ ಬಿಚ್ಚಲಾಯಿತು. ಚಿಮಟದ ತುದಿ ನೇರಳೆ. ಬಿಸಾಡಲೆಂದು ಸುತ್ತಿಟ್ಟಿದ್ದ ಹತ್ತಿ ನೇರಳೆ, ನಡುವೆ ರಕ್ತದ ಕಲೆ. ಕೈಗವಸಿನ ಹೆಬ್ಬೆರಳು ನೇರಳೆ. ಅಲ್ಲೇ ಇಸ್ತ್ರಿ ಮೇಜಿನ ಮೇಲೆ ಪಂಚನಾಮೆ ಬರೆದು, ಎಲ್ಲವನ್ನೂ ಜಪ್ತಿ ಮಾಡಿ ಮೊಹರು ಹಾಕಲಾಯಿತು.

"ಏನಿದು?"

ಕಾಂಪೌಂಡರ್ ತನ್ನ ಕೈಯನ್ನೇ ನೋಡಿಕೊಂಡ. ಅಚ್ಚುಕಟ್ಟಾದ ಕೈ, ಉಗುರು ಗಿಡ್ಡವಾಗಿ ಕತ್ತರಿಸಿದ್ದ. "ಮೆಲ್ಲಗೆ ಮಾತಾಡಿ ಸಾರ್," ಎಂದ. "ಒಳಗೆ ಅವರಿಗೆ ಕೇಳಿಸುತ್ತೆ."

ಠಾಣೆಯಲ್ಲಿ ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ.

"ಎಷ್ಟು ಸಲ ಕೆರೆದಿರಿ?"

"ಮುಚ್ಕೊಳ್ತಾ ಬಂದಾಗೆಲ್ಲ."

"ಯಾರಾದ್ರೂ ಹೇಳಿ ಮಾಡಿಸಿದ್ರಾ?"

"ಇಲ್ಲ ಸಾರ್."

"ಗಡ್ಡೆ ಮರಳಿದ್ರೆ ಆ ಮನುಷ್ಯ ಸಾಯ್ತಾನೆ. ಇಷ್ಟು ವರ್ಷ ಗಾಯ ನೋಡಿದೋನಿಗೆ ಅದು ಗೊತ್ತಿಲ್ವಾ?"

"ಗೊತ್ತು," ಎಂದ ಕಾಂಪೌಂಡರ್. "ಪ್ರತಿ ಸಲ, ಇದೇ ಕೊನೆ, ಮುಂದಿನ ವಾರ ಬಿಟ್ಟುಬಿಡ್ತೀನಿ ಅನ್ಕೋತಿದ್ದೆ. ಸಾರ್, ನನ್ನ ಕೈಯಲ್ಲಿ ಸಾವಿರ ಜನ ವಾಸಿಯಾಗಿದ್ದಾರೆ. ಗಾಯ ಇರೋ ತನಕ ಅಣ್ಣ ಅಂತಾರೆ, ದೇವ್ರು ಬಂದ ಹಾಗೆ ಬಂದೆ ಅಂತಾರೆ. ವಾಸಿಯಾದ್ಮೇಲೆ ರಸ್ತೇಲಿ ಸಿಕ್ರೆ ಮುಖ ತಿರುಗಿಸ್ತಾರೆ. ತಪ್ಪಲ್ಲ ಬಿಡಿ, ನನ್ನ ಕಂಡ್ರೆ ಗಾಯ ನೆನಪಾಗುತ್ತೆ. ಈ ದರ್ಜಿ ಒಬ್ರೇ ನನ್ನ ಕೂರಿಸಿದ್ದು. ನಂಗೆ ಅಂತ ದಿಂಬು ಹೊಲಿದ್ರು. ವಾಸಿಯಾದ ದಿನ ಅಂಗಿ ಕೊಡ್ತೀನಿ ಅಂದ್ರು. ಅಂಗಿ ಕೊಟ್ಟ ಮೇಲೆ ನಾನು ಯಾವ ನೆಪ ಹೇಳ್ಕೊಂಡು ಆ ಮನೆಗೆ ಹೋಗ್ಲಿ?"

ದಫೇದಾರ ಹೇಳಿಕೆಯನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡ. ಸಂಜೆ ಏಳಕ್ಕೆ ಬಂಧನ ದಾಖಲಾಯಿತು.

ಶುಕ್ರವಾರ ದರ್ಜಿಯ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ಆಸ್ಪತ್ರೆಯ ವಾರ್ಡಿಗೆ ಹೋದರು. ಇನ್ನು ಗಾಯ ಮುಚ್ಚುವವರೆಗೆ ಅಲ್ಲೇ ಇರಬೇಕೆಂದು ಸರ್ಜನ್ ಮಲಗಿಸಿದ್ದರು. ದರ್ಜಿ ಗೋಡೆಯ ಕಡೆ ಮುಖ ಮಾಡಿದ್ದ.

"ನಂಗೇನೂ ದೂರಿಲ್ಲ. ಬಿಟ್ಟುಬಿಡಿ ಅವನ್ನ."

ಆಗ ಇನ್ಸ್‌ಪೆಕ್ಟರರ ಕಣ್ಣ ಮುಂದೆ ಕಿಟಕಿಯಲ್ಲಿ ತೂಗುತ್ತಿದ್ದ ಅಂಗಿ ಬಂತು. ತೋಳಿನ ಸುತ್ತ ಸೂಜಿಯ ತೂತುಗಳ ಸಾಲು. ಕಣ್ಣು ಮಂಜೆಂದು ತಾವು ಅಂದುಕೊಂಡವನ ಉಳಿದ ಹೊಲಿಗೆಯೆಲ್ಲ ಗೆರೆ ಎಳೆದಷ್ಟು ನೇರವಾಗಿತ್ತಲ್ಲ!

"ನಿಮಗೆ ಗೊತ್ತಿತ್ತು," ಎಂದರು.

"ನಲವತ್ತು ವರ್ಷ ಹೊಲಿಗೆ ಹಾಕಿದೋನು, ಬಿಚ್ಚಿದೋನು ನಾನು. ಬೆನ್ನ ಮೇಲೆ ಬಿಚ್ತಿದ್ರೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಸುಮ್ನಿದ್ರಾ? ನಿಮ್ಮ ಪ್ರಾಣ ಹೋಗ್ತಿತ್ತು ಕಣ್ರೀ!" ಇನ್ಸ್‌ಪೆಕ್ಟರರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಮೊದಮೊದಲು ಬೈಯೋಣ ಅನ್ಕೊಂಡೆ. ಬೈದ್ರೆ ಬರೋದು ಬಿಟ್ಟುಬಿಡ್ತಾನೆ. ಸೋಮವಾರ ಹೋದ್ರೆ ಗುರುವಾರ ಬರ್ತಾನೆ ಅಂತ ಇರ್ತಿತ್ತು ಸಾರ್. ಅವನು ಅತ್ಲಾಗೆ ಹೋದ್ಮೇಲೆ ನಾನೂ ಒಂದು ತೋಳು ಬಿಚ್ಚಿ ಇಡ್ತಿದ್ದೆ." ದರ್ಜಿ ನಕ್ಕ, ಆದರೆ ಕಣ್ಣು ತುಂಬಿತ್ತು. "ಇಬ್ರೂ ಒಳ್ಳೇ ಹುಚ್ಚರು."

ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಹೇಳಿದಂತೆಯೇ ಬರೆಸಿದರು. ಎದ್ದು ಹೊರಟವರು ತಿರುಗಿ, "ಕರೆಂಟು ತಪ್ಪಿಸಬೇಡಿ," ಎಂದರು. ಪೊಲೀಸ್ ಅಧಿಕಾರಿಯಾಗಿ ಅಲ್ಲ, ತಮ್ಮನಂತೆ ಹೇಳಿದರು.

ಗಾಯ ಮೂರು ವಾರದಲ್ಲಿ ಮುಚ್ಚಿತು. ಬಿಡದೆ ಕರೆಂಟು ಕೊಟ್ಟರು. ಅದು ಮುಗಿದ ಮರುದಿನ ದರ್ಜಿ ತಾನೇ ನಡೆದುಕೊಂಡು ಠಾಣೆಗೆ ಬಂದು, ಕಾಗದದಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟ. "ಮಾತು ಕೊಟ್ಟಿದ್ದೆ. ತಲುಪಿಸ್ತೀರಾ?"

ಕಾನೂನಿನಲ್ಲಿ ಅದಕ್ಕೆ ಜಾಗವಿದೆಯೋ ಇಲ್ಲವೋ ಎಂದು ಇನ್ಸ್‌ಪೆಕ್ಟರ್ ಯಾರನ್ನೂ ಕೇಳಲಿಲ್ಲ.

ಜೈಲಿನ ಭೇಟಿ ಕೋಣೆಯಲ್ಲಿ ವಾರ್ಡರ್ ಗಂಟು ಬಿಚ್ಚಿ ಕೊಡವಿ ನೋಡಿದ. ತಿಳಿನೀಲಿ ಅಂಗಿ, ಎರಡೂ ತೋಳು ಕೂಡಿಸಿತ್ತು. ಸರಳುಗಳ ಆಚೆ ನಿಂತಿದ್ದ ಕಾಂಪೌಂಡರ್ ಅದನ್ನು ಕಂಡದ್ದೇ ತಡ, ಎರಡೂ ಕೈಯಿಂದ ಸರಳು ಹಿಡಿದ.

"ವಾಸಿಯಾಯ್ತಾ ಸಾರ್?"

"ಆಯ್ತು. ಪೂರ್ತಿ."

ಅವನು ಹಣೆಯನ್ನು ಸರಳಿಗೊತ್ತಿ ಅತ್ತ. ಸಂತೋಷಕ್ಕೋ ಎಲ್ಲ ಮುಗಿಯಿತೆಂಬ ದುಃಖಕ್ಕೋ, ಅವನಿಗೂ ಗೊತ್ತಿದ್ದಂತಿರಲಿಲ್ಲ.

"ಏನ್ ದರ್ಜಿ ರೀ ಇವನು," ಎಂದ ವಾರ್ಡರ್ ಅಂಗಿ ತಿರುಗಿಸುತ್ತ. "ಎದೆ ಹತ್ರ ಒಂದು ಗುಂಡೀನೇ ಹಾಕಿಲ್ಲ."

"ಮರೆತಿದ್ದಲ್ಲ," ಎಂದರು ಇನ್ಸ್‌ಪೆಕ್ಟರ್. ದರ್ಜಿ ಹೇಳಿಕಳಿಸಿದ ಮಾತನ್ನು ಜೇಬಿನಿಂದ ತೆಗೆಯುವವರಂತೆ ಒಮ್ಮೆ ಎದೆ ಮುಟ್ಟಿಕೊಂಡು, ಕಾಂಪೌಂಡರನಿಗೆ ಹೇಳಿದರು: "ಬಿಡುಗಡೆ ಆದ ದಿನ ಮನೆಗೆ ಬಂದು ಹಾಕಿಸ್ಕೋಬೇಕಂತೆ. ಗುಂಡಿ ಅವರ ಹತ್ರಾನೇ ಇದೆ."