ಶಂಖಕರ್ಣನ ಕೋಟೆ ಮತ್ತು ನೀಲವ್ವನ ಹಾಡು

ಬಹಳ ಹಿಂದೆ ಸುರಗಿಪುರ ಎಂಬ ರಾಜ್ಯವಿತ್ತು. ಎಲ್ಲಿತ್ತು ಎಂದು ಕೇಳಿದರೆ ಅಲ್ಲಿಯವರೇ ಹೊಳೆಯ ಕಡೆಗೆ ಸುಮ್ಮನೆ ಕೈ ತೋರಿಸುತ್ತಿದ್ದರು. ಆದ್ದರಿಂದ ಆ ವಿಚಾರ ಬಿಡೋಣ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳುತ್ತಿದ್ದಳು. ಮರುದಿನ ಬೆಳಗ್ಗೆ ತಾಯಿ ಬೀಸುಕಲ್ಲಿನ ಮುಂದೆ ಕೂತು ಆ ಮಗುವಿಗೆಂದೇ ಒಂದು ಹಾಡು ಕಟ್ಟುತ್ತಿದ್ದಳು. ಧಾಟಿ ಎಲ್ಲರದೂ ಒಂದೇ, ಯಾಕೆಂದರೆ ಕಲ್ಲು ಎಲ್ಲ ಮನೆಯಲ್ಲೂ ಒಂದೇ ರೀತಿ ತಿರುಗುತ್ತದೆ. ಮಾತು ಮಾತ್ರ ಬೇರೆ. ಆಮೇಲೆ ಜೋಳ ಬೀಸುವಾಗಲೆಲ್ಲ ಅವಳು ಅದನ್ನೇ ಹಾಡಬೇಕು. ಹೆಚ್ಚಿನ ಹಾಡುಗಳು ಸಾಧಾರಣ. ಎಲ್ಲ ಮಕ್ಕಳೂ ಚಂದ್ರ, ಎಲ್ಲ ಮಕ್ಕಳೂ ಮುತ್ತು. ಆದರೂ ಹಲ್ಲು ಬಿದ್ದ ಮುದುಕರು ಕೂಡ ತಮ್ಮ ಹಾಡು ಎಲ್ಲಾದರೂ ಕೇಳಿಬಂದರೆ ನಡೆಯುವುದನ್ನು ನಿಲ್ಲಿಸುತ್ತಿದ್ದರು.

ರಾಜ ವಿಜಯಧ್ವಜ ಕೆಟ್ಟವನೇನಲ್ಲ. ಅವನ ತಾಯಿ ತೀರಿಕೊಂಡ ಮೇಲೆ ಒಂದು ದಿನ ತನ್ನ ಹಾಡು ನೆನಪಿಸಿಕೊಳ್ಳಲು ಹೋದ. ಎರಡನೆಯ ಸಾಲು ಬರಲಿಲ್ಲ. ಕೇಳೋಣ ಎಂದರೆ ತಾಯಿ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಇವನು ರಾಜ, ಯೋಜನೆ ಹಾಕಿದ. ರಾಜ್ಯದ ಒಂದು ಹಾಡೂ ಇನ್ನು ಕಳೆದುಹೋಗಬಾರದು ಎಂದು ಆಜ್ಞೆ ಹೊರಡಿಸಿದ.

ಆ ಸುದ್ದಿ ಕೇಳಿ ಶಂಖಕರ್ಣ ಎಂಬ ಮಾಯಾವಿ ಬಂದ. ಅವನ ಕಿವಿಗಳು ಶಂಖದ ಆಕಾರದಲ್ಲಿದ್ದವು. ಹಾಡುಗಳನ್ನು ಶಂಖದೊಳಗೆ ಇಟ್ಟರೆ ಸಾವಿರ ವರ್ಷ ಕೆಡುವುದಿಲ್ಲ, ತನ್ನ ಕೋಟೆಯಲ್ಲಿ ಜೋಪಾನವಾಗಿ ಕಾಯುತ್ತೇನೆ ಎಂದ. ಶಂಖಕ್ಕೆ ಹೋದ ಹಾಡು ಗಂಟಲಲ್ಲಿ ಉಳಿಯುವುದಿಲ್ಲ, ಹಾಡಿನ ಜೊತೆ ಅದಕ್ಕೆ ಅಂಟಿಕೊಂಡದ್ದೂ ಹೋಗುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ತಾಯಂದಿರು ಮಡಿಸೀರೆ ಉಟ್ಟು ಅರಮನೆಯ ಅಂಗಳದಲ್ಲಿ ಸಾಲಾಗಿ ನಿಂತರು. ಕೆಮ್ಮಬಾರದು, ನಡುವೆ ಮಾತಾಡಬಾರದು, ನೆಟ್ಟಗೆ ನಿಂತು ಹಾಡಬೇಕು ಎಂದು ಅಧಿಕಾರಿಗಳು ಮೊದಲೇ ಎಚ್ಚರಿಸಿದ್ದರು. ಒಬ್ಬೊಬ್ಬಳೂ ಹಾಡಿದಳು, ಒಬ್ಬೊಬ್ಬಳೂ ಮನೆಗೆ ಹೋದಳು. ಹೋದ ಮೇಲೆ ಒಬ್ಬಳು ತನ್ನ ಬೆಳೆದ ಮಗನನ್ನು ಕಟ್ಟೆಯ ಮೇಲೆ ಕೂರಿಸಿ, ಮನೆಯವರು ಹೊಲದಿಂದ ಬರಲಿ, ಆಮೇಲೆ ಮಾತಾಡುವಿರಂತೆ ಎಂದಳು. ಇನ್ನೊಬ್ಬಳು ತೊಟ್ಟಿಲಲ್ಲಿದ್ದ ಕೂಸನ್ನು ಎತ್ತಿಕೊಂಡು, ಇದು ಯಾರದು ಎಂದು ಓಣಿಯೆಲ್ಲ ಕೇಳಿದಳು. ನಿನ್ನದೇ ಎಂದರು. ಅವಳು ನಂಬಿದಳು, ಹಾಲೂ ಕೊಟ್ಟಳು. ಆದರೆ ಪಕ್ಕದ ಮನೆಯ ಕೂಸಿಗೆ ಕೊಡುವ ಹಾಗೆ ಕೊಟ್ಟಳು. ದೂರು ಅರಮನೆಗೂ ಹೋಯಿತು. ಹಾಡುಗಳಂತೂ ಭದ್ರವಾಗಿವೆ ಎಂದು ಅಲ್ಲಿಂದ ಉತ್ತರ ಬಂತು.

ಇಷ್ಟೆಲ್ಲ ಆಗುವಾಗ ಭರಮ ಎಂಬ ತರುಣ ಊರಲ್ಲಿರಲಿಲ್ಲ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ದೂರದ ಊರುಗಳಿಗೆ ಹೋಗಿದ್ದ. ತಂದೆ ತೀರಿಕೊಂಡಿದ್ದ; ಮನೆಯಲ್ಲಿ ಇದ್ದವಳು ತಾಯಿ ನೀಲವ್ವ ಒಬ್ಬಳೇ. ಸುಗ್ಗಿ ಮುಗಿದ ಮೇಲೆ ಅವನು ತಿರುಗಿ ಬಂದಾಗ ನೀಲವ್ವ ಜೋಳ ಬೀಸುತ್ತಿದ್ದಳು. ಹಾಡುತ್ತಿರಲಿಲ್ಲ. ಇವನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬರ್ರಿ, ಕೂಡ್ರಿ," ಎಂದಳು. "ಯಾರು ಬೇಕಾಗಿತ್ರಿ?"

ಹುಟ್ಟಿದಂದಿನಿಂದ ಅವಳು ಅವನಿಗೆ ಬಹುವಚನ ಹಚ್ಚಿರಲಿಲ್ಲ. ಭರಮ ಮೊದಲು ಚೇಷ್ಟೆ ಎಂದುಕೊಂಡ. ಆಮೇಲೆ ತಂಬಿಗೆಯಲ್ಲಿ ನೀರು ಬಂತು, ಜೊತೆಗೆ ಬೆಲ್ಲ ಬಂತು. ಬೆಲ್ಲ ಕಂಡ ಮೇಲೆ ಅವನಿಗೆ ಹೆದರಿಕೆಯಾಯಿತು. ಆ ಮನೆಯಲ್ಲಿ ಬೆಲ್ಲ ಕೊಡುತ್ತಿದ್ದುದು ಪರಊರಿನವರಿಗೆ.

ಓಣಿಯವರು ನಡೆದದ್ದನ್ನು ಹೇಳಿದರು. ಭರಮ ಆ ಸಂಜೆಯೇ ಶಂಖಕರ್ಣನ ಕೋಟೆಯ ದಾರಿ ಹಿಡಿದ.

ಕೋಟೆ ಒಂದು ದೊಡ್ಡ ಕೆರೆಯ ನಡುವೆ ಇತ್ತು. ದಡದಲ್ಲಿ ಒಂದು ಹುಲಿ ಕೂತಿತ್ತು. ಅದಕ್ಕೆ ಮಾತು ಬರುತ್ತಿತ್ತು.

"ನಿನಗೆ ಪ್ರಿಯವಾದ ಹಾಡೊಂದು ಕೊಟ್ಟು ಹೋಗು," ಎಂದಿತು ಹುಲಿ. "ಅದರ ಜೊತೆ ಬರುವುದೂ ನನಗೇ."

ಭರಮ ಜಾಣತನ ಮಾಡಿ, ಮಠದಲ್ಲಿ ಐಗಳು ಬೆತ್ತ ಹಿಡಿದು ರಾಗವಾಗಿ ಹೇಳಿಸಿದ್ದ ಮಗ್ಗಿಯನ್ನು ಶುರುಮಾಡಿದ. ಹುಲಿ ಮೂಸಿ ನೋಡಿ ಮುಖ ತಿರುಗಿಸಿತು. ಇದರಲ್ಲಿ ಏಟಿನ ವಾಸನೆ ಇದೆ, ಪ್ರಿಯವಾದದ್ದು ಎಂದಿದ್ದೆ ಎಂದಿತು. ಅವನು ತುಂಬ ಹೊತ್ತು ಯೋಚಿಸಿದ. ಅವನ ಬಳಿ ಅಂಥವು ಎರಡೇ ಇದ್ದವು. ಅವ್ವನದನ್ನು ಕೊಡುವಂತಿಲ್ಲ, ಕೊಟ್ಟರೆ ಬಂದ ಕೆಲಸವೇ ಮರೆತುಹೋಗುತ್ತದೆ. ಉಳಿದದ್ದು ಅಪ್ಪನದು. ಅಪ್ಪ ನೀರಿಗೆ ಇಳಿದಾಗ ಮಾತ್ರ ಹಾಡುತ್ತಿದ್ದ ಹಾಡು ಅದು. ಭರಮ ಕಣ್ಣು ಮುಚ್ಚಿ ಹಾಡಿದ. ಹುಲಿ ನುಂಗಿತು.

ಆಮೇಲೆ ಭರಮ ಕೆರೆಗೆ ಹಾರಿ ಈಜಿದ. ಚೆನ್ನಾಗಿಯೇ ಈಜಿದ. ಈಜು ಯಾರು ಕಲಿಸಿದರು ಎಂದು ನಡುನೀರಿನಲ್ಲಿ ಯೋಚಿಸಿದ, ಗೊತ್ತಾಗಲಿಲ್ಲ.

ಕೋಟೆಯ ಬಾಗಿಲಿಗೆ ಒಂದು ಹೆಬ್ಬಾವು ಸುತ್ತಿಕೊಂಡಿತ್ತು. ಅದೂ ಹಾಡು ಕೇಳಿತು. ಮಗ್ಗಿ ಆದೀತೇ ಎಂದು ಭರಮ ಕೇಳಿದ. ಪ್ರೀತಿಯೋ ಸಿಟ್ಟೋ, ಗಟ್ಟಿಯಾಗಿ ನೆನಪಿರಬೇಕು ಅಷ್ಟೇ, ನಾನು ಹುಲಿಯಷ್ಟು ಸೂಕ್ಷ್ಮದವನಲ್ಲ ಎಂದಿತು ಹಾವು. ಭರಮ ಮಗ್ಗಿಯನ್ನೂ ಬೆತ್ತವನ್ನೂ ಐಗಳನ್ನೂ ಸಂತೋಷದಿಂದ ಒಪ್ಪಿಸಿದ. ಒಳಗೆ ಮೆಟ್ಟಿಲು ಎಣಿಸಲು ಹೋಗಿ ಮೂರಕ್ಕೆ ನಿಂತ.

ಮೇಲೆ ಸಭಾಂಗಣ. ಗೋಡೆಯ ತುಂಬ ಗೂಡುಗಳು, ಗೂಡಿಗೊಂದು ಶಂಖ. ನಡುವೆ ಶಂಖಕರ್ಣ ಕೂತಿದ್ದ. ಅವನು ಆ ಹಾಡುಗಳನ್ನು ಕೇಳುತ್ತಿದ್ದನೇ ಎಂದರೆ ಅದೂ ಇಲ್ಲ. ಒರೆಸಿ ಇಡುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಯಾರೂ ಹಾಡಲಿಲ್ಲ, ಅದಕ್ಕೇ ಹೀಗಾದ ಎಂದು ಹೇಳುವವರಿದ್ದಾರೆ. ಇರಬಹುದು. ಕೆಲವರು ಕಾರಣವಿಲ್ಲದೆಯೂ ಕೂಡಿಡುತ್ತಾರೆ.

ಭರಮ ಬಂದ ಕಾರಣ ಹೇಳಿದ. ಶಂಖಕರ್ಣನಿಗೆ ಸಿಟ್ಟು ಬರಲಿಲ್ಲ.

"ನಿನ್ನ ತಾಯಿಯ ಶಂಖ ಇಲ್ಲೇ ಇದೆ. ಕೇಳಿ ಗುರುತಿಸು, ಒಯ್ಯಿ. ಒಂದು ಸಲ ಮಾತ್ರ ಕೈ ಇಡಬಹುದು. ತಪ್ಪಿದರೆ ನಿನ್ನಲ್ಲಿ ಉಳಿದಿರುವ ಹಾಡನ್ನು ನನಗೆ ಕೊಟ್ಟು ಹೋಗಬೇಕು."

"ಅವ್ವನ ದನಿ ನನಗೆ ಗೊತ್ತಾಗುವುದಿಲ್ಲವೇ," ಎಂದ ಭರಮ.

ಅವನು ಒಂದು ಗೂಡಿಗೆ ಕಿವಿ ಕೊಟ್ಟ. ಇನ್ನೊಂದಕ್ಕೆ ಕೊಟ್ಟ. ಶಂಖದಲ್ಲಿ ಮಾತು ಕರಗಿಹೋಗಿ ಧಾಟಿ ಮಾತ್ರ ಉಳಿದಿತ್ತು, ಧಾಟಿ ಎಲ್ಲರದೂ ಒಂದೇ. ಅರಮನೆಯ ಅಂಗಳದಲ್ಲಿ ಹೆದರಿ ನಿಂತು ಹಾಡಿದ ಹೆಂಗಸರ ದನಿಗಳೂ ಒಂದೇ ಆಗಿದ್ದವು. ಎಲ್ಲವೂ ಇಂಪಾಗಿದ್ದವು. ಯಾವುದೂ ಯಾರದೂ ಆಗಿರಲಿಲ್ಲ. ಒಂದು ಗೋಡೆ ಮುಗಿಯಿತು, ಇನ್ನೊಂದು ಮುಗಿಯಿತು. ಹೆತ್ತ ತಾಯಿಯ ದನಿ ತನಗೆ ಗುರುತು ಸಿಗುತ್ತಿಲ್ಲ ಎಂದು ತಿಳಿದಾಗ ಭರಮ ನೆಲದ ಮೇಲೆ ಕೂತುಬಿಟ್ಟ. ಅವಳು ತನ್ನನ್ನು ಮರೆತದ್ದಕ್ಕಿಂತ ಇದು ಕೆಟ್ಟದಾಗಿತ್ತು.

ಕೂತಲ್ಲೇ ಅವನು ಹಾಡನ್ನು ಮೆಲ್ಲಗೆ ಹೇಳಿಕೊಂಡ, ಅವ್ವ ಮನೆಯಲ್ಲಿ ಹೇಗೆ ಹಾಡುತ್ತಿದ್ದಳೋ ಹಾಗೆ. ಬೇರೆ ರೀತಿ ಅವನಿಗೆ ಬರುತ್ತಿರಲಿಲ್ಲ.

"ನೆಲದ ಮ್ಯಾಲಿನ ಚುಕ್ಕಿ ನನ ಕಂದ
ಅಂಗಳಕ ಇಳಿದು ಬರುವಾಗ, ಹುಶ್, ಹಾಳಕೋಳಿ,
ಅಂಗೈಲಿ ತಂದ ಬೆಳಕೆಷ್ಟ."

ಕೋಳಿ ಹಾಡಿನದಲ್ಲ. ಬೀಸುಕಲ್ಲಿನ ಪಕ್ಕದ ಮೊರಕ್ಕೆ ದಿನಾಲೂ ಕೋಳಿ ಬಾಯಿ ಹಾಕುತ್ತಿತ್ತು, ನೀಲವ್ವ ದಿನಾಲೂ ಅದೇ ಜಾಗದಲ್ಲಿ ಕಲ್ಲು ನಿಲ್ಲಿಸಿ ಅದನ್ನು ಓಡಿಸುತ್ತಿದ್ದಳು. ವರ್ಷಗಟ್ಟಲೆ ಹೀಗಾಗಿ, ಕೋಳಿ ಇಲ್ಲದ ದಿನವೂ ಅವಳು ಅಲ್ಲಿ ಒಂದು ಕ್ಷಣ ತಡೆಯುತ್ತಿದ್ದಳು.

ಭರಮ ಎದ್ದ. ಈಗ ಅವನು ಇಂಪನ್ನು ಕೇಳಲಿಲ್ಲ, ತಡೆಯನ್ನು ಕೇಳುತ್ತಾ ಹೋದ. ಆಶ್ಚರ್ಯವೆಂದರೆ ಎಲ್ಲ ಶಂಖಗಳಲ್ಲೂ ಎಲ್ಲೋ ಒಂದು ಕಡೆ ತಡೆ ಇತ್ತು. ಒಬ್ಬಳು ಮೊದಲ ಸಾಲಿನಲ್ಲೇ ಉಸಿರು ಹಿಡಿಯುತ್ತಿದ್ದಳು, ಇನ್ನೊಬ್ಬಳು ಕೊನೆಯ ಸಾಲಿನ ನಡುವೆ. ಅಧಿಕಾರಿಗಳಿಗೆ ಹೆದರಿ ಮಾತು ನುಂಗಿದ್ದರು, ಜಾಗ ಹಾಗೇ ಉಳಿದಿತ್ತು. ಕಿಟಕಿಯ ಕೆಳಗಿನ ಗೂಡಿನಲ್ಲಿ ಒಂದು ಶಂಖ ಎರಡನೆಯ ಸಾಲು ಮುಗಿಸಿ ಸುಮ್ಮನಾಯಿತು, ಒಂದು ಕೋಳಿ ಓಡುವಷ್ಟು ಹೊತ್ತು.

ಭರಮ ಅದರ ಮೇಲೆ ಕೈ ಇಟ್ಟು, ಆ ಖಾಲಿ ಜಾಗದಲ್ಲಿ, "ಹುಶ್, ಹಾಳಕೋಳಿ," ಎಂದ.

ಶಂಖ ಸೀಳಿತು. ಅದರಿಂದ ನೀಲವ್ವನ ದನಿ ಹೊರಗೆ ಬಂತು, ಈ ಸಲ ಮಾತಿನ ಸಮೇತ. ಅದನ್ನು ಕೇಳಿ ಪಕ್ಕದ ಶಂಖ, "ಹಾಲು ಉಕ್ಕಿತು ನೋಡೇ," ಎಂದಿತು. ಅದರ ಪಕ್ಕದ್ದು, ಬಾಗಿಲು ಹಾಕಿಕೊಳ್ಳಲು ಯಾರಿಗೋ ಹೇಳಿತು. ಒಂದು ಶಂಖ ಕೆಮ್ಮಿತು. ಒಂದು ಅತ್ತೆಯನ್ನು ಬೈಯಿತು. ನುಂಗಿದ್ದ ಮಾತೆಲ್ಲ ಒಮ್ಮೆಲೇ ಹೊರಬಿದ್ದು, ಗೋಡೆಯ ಉದ್ದಕ್ಕೂ ಶಂಖಗಳು ಪಟಪಟನೆ ಒಡೆದವು. ಮಾಯೆ ರಾಗವನ್ನು ಹಿಡಿದಿಟ್ಟುಕೊಂಡಿತ್ತು, ಬೈಗುಳ ಹಿಡಿಯಲು ಅದಕ್ಕೆ ಬರಲಿಲ್ಲ. ಗದ್ದಲಕ್ಕೆ ಶಂಖಕರ್ಣನ ಕಿವಿಗಳಲ್ಲಿ ಬಿರುಕು ಬಿಟ್ಟಿತು. ಅವನ ಶಕ್ತಿಯೆಲ್ಲ ಅಲ್ಲೇ ಇತ್ತು. ಒಬ್ಬ ಕಿವುಡ ಮುದುಕ ಉಳಿದ, ಚೂರುಗಳನ್ನು ಗುಡಿಸತೊಡಗಿದ. ಹಾಡುಗಳು ಕಿಟಕಿಯಿಂದ ಹಾರಿ ತಮ್ಮ ತಮ್ಮ ಮನೆಗೆ ಹೋದವು.

ಭರಮ ಮನೆ ಮುಟ್ಟಿದಾಗ ನೀಲವ್ವ ಬಾಗಿಲಲ್ಲೇ ಇದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದ್ಯೋ," ಎಂದಳು. "ರೊಟ್ಟಿ ಆರಿ ಕಲ್ಲಾಗ್ಯಾವು. ಉಣ್ಣು."

ಅವನು ಉಂಡ. ಉಣ್ಣುತ್ತಾ ಎಲ್ಲ ಹೇಳಿದ. ಹುಲಿಗೆ ಒಂದು ಹಾಡು ಕೊಟ್ಟೆ, ಯಾವುದೆಂದು ಗೊತ್ತಿಲ್ಲ, ಆಮೇಲೆ ಈಜುವಾಗ ಯಾರು ಕಲಿಸಿದರು ಎಂಬುದು ಹೊಳೆಯಲಿಲ್ಲ ಎಂದ. ಹುಲಿ ತಿಂದದ್ದು ಶಂಖದಲ್ಲಿರಲಿಲ್ಲ, ಆದ್ದರಿಂದ ಅದು ತಿರುಗಿ ಬಂದಿರಲಿಲ್ಲ. ನೀಲವ್ವನಿಗೆ ಯಾವ ಹಾಡೆಂದು ತಿಳಿಯಿತು. ಅವಳ ಗಂಡ ಅದನ್ನು ಮನೆಯಲ್ಲಿ ಎಂದೂ ಹಾಡಿದವನಲ್ಲ, ಅವಳಿಗೆ ಒಂದು ಸಾಲೂ ಬರುತ್ತಿರಲಿಲ್ಲ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಹೋದರ ಹೋಗಲಿ," ಎಂದಳು. "ನಿಮ್ಮಪ್ಪನ ದನಿ ಅಷ್ಟಕ್ಕಷ್ಟ."

ಆಮೇಲೆ, ಅವನಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಸಲ ಹೊಳೆಗೆ ಇಳಿದದ್ದು, ಅವನು ಅಪ್ಪನ ಕೂದಲು ಜಗ್ಗಿ ಹಿಡಿದದ್ದು, ತಾನು ದಡದಲ್ಲಿ ನಿಂತು ಇಬ್ಬರನ್ನೂ ಬೈದದ್ದು ಹೇಳಿದಳು. ಭರಮ ಬೇರೆ ಯಾರದೋ ಕತೆ ಕೇಳುವ ಹಾಗೆ ಕೇಳಿದ.

ಸುರಗಿಪುರದವರು ಅಂದಿನಿಂದ ಚೆನ್ನಾಗಿಯೇ ಬಾಳಿದರು. ರಾಜ ತನ್ನ ಹಾಡಿನ ಎರಡನೆಯ ಸಾಲನ್ನು ಬಿಟ್ಟೇ ಗುನುಗಿಕೊಳ್ಳುವುದನ್ನು ರೂಢಿಮಾಡಿಕೊಂಡ. ಭರಮ ಹೊಳೆಯ ಆ ದಿನದ ಕತೆಯನ್ನು ಅವ್ವನ ಬಾಯಲ್ಲಿ ಮತ್ತೆ ಮತ್ತೆ ಕೇಳಿದ. ಕೆಲವು ವರ್ಷಗಳ ಮೇಲೆ, ನೀರು ಎಷ್ಟು ತಣ್ಣಗಿತ್ತು ಎಂಬುದು ತನಗೆ ಇನ್ನೂ ನೆನಪಿದೆ ಎಂದು ಎಲ್ಲರ ಮುಂದೆ ಹೇಳತೊಡಗಿದ. ನೀಲವ್ವ ಪಕ್ಕದಲ್ಲೇ ಕೂತಿರುತ್ತಿದ್ದಳು. ತಾನು ಅದನ್ನು ಅವನಿಗೆ ಹೇಳಿರಲೇ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೌದು, ಬಹಳ ತಣ್ಣಗಿತ್ತು ಎನ್ನುತ್ತಿದ್ದಳು.