ಮೊದಲಿನ ಫೋಟೋ

ಇಬ್ಬರೂ ಹುಟ್ಟಿದ್ದು ಹನ್ನೊಂದು ನಿಮಿಷದ ಅಂತರದಲ್ಲಿ. ಮೊದಲು ಬಂದವಳು ಅಕ್ಕ, ಹಿಂದೆಯೇ ಬಂದವಳು ತಂಗಿ. ಮುಖ, ಮೂಗು, ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ, ಎಲ್ಲವೂ ಅಚ್ಚಿನಲ್ಲಿ ಹೊಯ್ದ ಹಾಗೆ. ಮೂವತ್ತನಾಲ್ಕನೆಯ ವಯಸ್ಸಿಗೆ ತೂಕ ಕೂಡ ಇಬ್ಬರದೂ ತೊಂಬತ್ತಾರು ಕಿಲೋ. ಟಿವಿಯವರು ತೂಕ ಇಳಿಸುವ ಸ್ಪರ್ಧೆಗೆ ಜನರನ್ನು ಆರಿಸುತ್ತಿದ್ದಾರೆಂದು ತಿಳಿದಾಗ ಅರ್ಜಿ ತಂದು ತುಂಬಿದವಳು ಅಕ್ಕ. ನಾಚಿಕೆಯಿಂದ ಹಿಂದೆ ಸರಿಯುತ್ತಿದ್ದ ತಂಗಿಯನ್ನು ಕೈಹಿಡಿದು ಎಳೆದುಕೊಂಡು ಹೋದವಳೂ ಅಕ್ಕ. ಅಲ್ಲಿ ಕಾರ್ಯಕ್ರಮದ ನಿರ್ಮಾಪಕಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಒಂದೇ ಮುಖ ಎರಡು ಬೇಡ, ಬೇಗ ಅಳು ಬರುವುದು ಯಾರಿಗೆ ಎಂದು ಕೇಳಿದಳು. ತಂಗಿ ಆಗಲೇ ಅಳುತ್ತಿದ್ದಳು. ಆಯ್ಕೆ ಮುಗಿಯಿತು.

ಅಂದಿನಿಂದ ಭಾನುವಾರ ಬಂತೆಂದರೆ ಟಿವಿಯಲ್ಲಿ ತಂಗಿ ಕರಗುವುದನ್ನು ಅಕ್ಕ ಅಮ್ಮನ ಪಕ್ಕ ಕೂತು ನೋಡಬೇಕಾಯಿತು. ಅಮ್ಮನ ಕಿವಿ ಚೆನ್ನಾಗಿಯೇ ಇತ್ತು. ಬೀದಿಗೆಲ್ಲ ಕೇಳಲೆಂದು ಸದ್ದು ಜಾಸ್ತಿ ಮಾಡುತ್ತಿದ್ದಳು. ಪ್ರತಿ ಸಲ ಶುರುವಿನಲ್ಲಿ ತಂಗಿಯ ಎರಡು ಫೋಟೋ ತೋರಿಸುತ್ತಿದ್ದರು, ಮೊದಲಿನದು ಮತ್ತು ಈಗಿನದು. ಅಕ್ಕನದು ಬಟ್ಟೆಯ ಅಳತೆ ಸರಿಮಾಡಿಕೊಡುವ ಪುಟ್ಟ ಅಂಗಡಿ. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಅಂಚೆಯವನು ಅವಳನ್ನೇ ದಿಟ್ಟಿಸಿ, "ಓಹೋ, ಮೊದಲಿನ ಫೋಟೋ ನೀವೇನಾ?" ಎಂದ. ತಮಾಷೆಗೇ ಅಂದದ್ದು. ವಾರದೊಳಗೆ ಬೀದಿಯಲ್ಲಿ ಅವಳಿಗೆ ಅದೇ ಹೆಸರಾಯಿತು. ಅವಳೂ ಎಲ್ಲರ ಜೊತೆ ನಕ್ಕಳು. ನಕ್ಕಾಗ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತುಟಿಗೆ ಚುಚ್ಚಿತು.

ಅದೂ ಸಾಲದೆಂಬಂತೆ ತಂಗಿಯ ಬಟ್ಟೆಗಳೆಲ್ಲ ಬರುತ್ತಿದ್ದದ್ದು ಅಕ್ಕನ ಅಂಗಡಿಗೇ. ಮೈ ಇಳಿದ ಹಾಗೆಲ್ಲ ಬಟ್ಟೆ ಬಿಗಿ ಮಾಡಬೇಕಲ್ಲ. ನನಗೆ ಅಕ್ಕನ ಕೈಯೇ ಆಗಬೇಕು ಎಂದು ತಂಗಿ ಹಟ ಹಿಡಿದಿದ್ದಳಂತೆ. ಚಾನೆಲ್ಲಿನ ಡ್ರೈವರು ತರುವ ಗಂಟಿನಲ್ಲಿ ಎದೆ, ಸೊಂಟ, ತೋಳಿನ ಹೊಸ ಅಳತೆ ಬರೆದ ಚೀಟಿ ಇರುತ್ತಿತ್ತು. ಒಂದು ವಾರ ಒಂದಿಂಚು, ಇನ್ನೊಂದು ವಾರ ಒಂದೂವರೆ. ಬೇರೆಯವರಿಗಾದರೆ ಅದು ಪ್ರೀತಿಯಾಗಿ ಕಾಣುತ್ತಿತ್ತು. ಅಕ್ಕನಿಗೆ ಅದು ಬೇಕೆಂದೇ ತನ್ನ ಹೊಟ್ಟೆ ಉರಿಸುವ ಉಪಾಯವಾಗಿ ಕಂಡಿತು.

ಸ್ಪರ್ಧೆಯ ನಿಯಮಗಳನ್ನು ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಪೂರ್ತಿ ಓದಿದವಳು ಅಕ್ಕ ಒಬ್ಬಳೇ ಇರಬೇಕು. ಕೊನೆಯ ಆರು ವಾರ ಸ್ಪರ್ಧಿಗಳು ಅವರವರ ಮನೆಯಲ್ಲೇ ಇದ್ದು ತೂಕ ಇಳಿಸಬೇಕು. ಕ್ಯಾಮೆರಾ ಇರುವುದಿಲ್ಲ, ಕಾವಲು ಇರುವುದಿಲ್ಲ, ಎಲ್ಲ ನಂಬಿಕೆಯ ಮೇಲೆ. ಆದರೆ ವೈದ್ಯರ ಪಟ್ಟಿಯಲ್ಲಿಲ್ಲದ್ದನ್ನು ತಿಂದದ್ದು ಗೊತ್ತಾದರೆ ಆ ಕ್ಷಣವೇ ಹೊರಗೆ. ಓದುತ್ತ ಓದುತ್ತ ಅವಳಿಗೆ ಹೊಳೆಯಿತು, ತಂಗಿ ತಿನ್ನಬೇಕಾಗಿಯೇ ಇಲ್ಲ. ತಂಗಿಯ ಮುಖವಿರುವವಳು ಯಾರಾದರೂ ತಿಂದರೆ ಸಾಕು. ಆ ಮುಖ ತನ್ನಲ್ಲೂ ಒಂದಿದೆ.

ಇದ್ದ ತೊಡಕು ಒಂದೇ. ಮುಖದ ಕೆಳಗೆ ತೊಂಬತ್ತಾರು ಕಿಲೋ ಇತ್ತು.

ಅಕ್ಕ ಇಳಿಸತೊಡಗಿದಳು. ತರಬೇತುದಾರನಿಲ್ಲ, ವೈದ್ಯರಿಲ್ಲ, ಚಪ್ಪಾಳೆ ತಟ್ಟುವವರಿಲ್ಲ. ಅಂಗಡಿಗೆ ಬಸ್ಸು ಬಿಟ್ಟು ನಡೆದಳು. ತಟ್ಟೆಯಲ್ಲಿ ಅರ್ಧ ಬಿಟ್ಟಳು. ಮಧ್ಯಾಹ್ನ ಬಾಗಿಲು ಮುಚ್ಚಿ, ಟಿವಿಯಲ್ಲಿ ನೋಡಿದ ಕಸರತ್ತನ್ನೆಲ್ಲ ಹೊಲಿಗೆ ಮಿಷಿನ್ನಿನ ಪಕ್ಕ ಮಾಡಿದಳು. ಹೊಟ್ಟೆಕಿಚ್ಚಿಗೆ ಕೊಬ್ಬು ಕರಗಿಸುವ ಶಕ್ತಿ ಇದೆಯೆಂದು ಯಾವ ಡಾಕ್ಟರೂ ಬರೆದಿರಲಿಲ್ಲ, ಆದರೆ ಸಾಕ್ಷಿ ಕಣ್ಣೆದುರೇ ಇತ್ತು. ಕರಗಿದ್ದು ಯಾರಿಗೂ ಕಾಣಬಾರದೆಂದು ಒಳಗೆ ಹತ್ತಿ ತುಂಬಿದ ಕವಚವೊಂದನ್ನು ಹೊಲಿದುಕೊಂಡಳು. ಮೈಯಿಂದ ಹೋದದ್ದನ್ನು ವಾರವಾರವೂ ಹತ್ತಿಯಲ್ಲಿ ವಾಪಸು ತುಂಬಿದಳು. ಮುಖ ಇಳಿದಿದೆಯಲ್ಲೇ ಎಂದು ಅಮ್ಮ ಒಮ್ಮೆ ಕೇಳಿದಾಗ ಹಲ್ಲುನೋವೆಂದಳು. ಅಮ್ಮ ಮತ್ತೆ ಕೇಳಲಿಲ್ಲ. ಅವಳ ಕಣ್ಣೆಲ್ಲ ಟಿವಿಯ ಮೇಲೆ.

ಕೊನೆಯ ಆರು ವಾರ ಶುರುವಾಗಿ ತಂಗಿ ಊರಿನ ಇನ್ನೊಂದು ತುದಿಯ ಗಂಡನ ಮನೆಗೆ ಬಂದಳು. ದಿನಾ ನಾಲ್ಕರಿಂದ ಐದೂವರೆವರೆಗೆ ಕೆರೆಯ ಸುತ್ತ ನಡಿಗೆಯಂತೆ, ಒಬ್ಬಳೇ ಅಂತೆ, ಫೋನು ಕೂಡ ಒಯ್ಯುವಂತಿಲ್ಲವಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದವಳು ತಂಗಿಯೇ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಎಂದೂ ಹೇಳಿದಳು. ಈಗ ಬೇಡ, ಗೆದ್ದ ಮೇಲೆ ನೋಡೋಣ ಎಂದಳು ಅಕ್ಕ. ಆ ಒಂದೂವರೆ ಗಂಟೆಗೆ ತಂಗಿಯ ಪರವಾಗಿ ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಇಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಅಂತಿಮ ದಿನಕ್ಕೆಂದು ಕಡುನೀಲಿ ಗೌನೊಂದು ಬಂತು. ಅಕ್ಕ ಬಾಗಿಲು ಹಾಕಿ, ಕವಚ ಕಳಚಿ, ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಹೆಚ್ಚಿದ್ದಲ್ಲಿ ಸೂಜಿ ಸಿಕ್ಕಿಸಿ, ತನ್ನ ಮೈಮೇಲೆಯೇ ಬಿಗಿಹಿಡಿದು ಗುರುತು ಹಾಕಿಕೊಂಡು ಹೊಲಿದು ಕಳಿಸಿದಳು. ಕನ್ನಡಿಯಲ್ಲಿ ಕಂಡವಳು ಚೆನ್ನಾಗಿದ್ದಳು. ಆದರೆ ಮೂವತ್ತೆರಡು ಕಿಲೋ ಇಳಿಸಿದ್ದೇನೆ ಎಂಬ ಸಂತೋಷ ಅವಳ ಹತ್ತಿರವೂ ಸುಳಿಯಲಿಲ್ಲ. ಸಾಮಾನು ಸಿದ್ಧವಾಯಿತು ಎಂದಷ್ಟೇ ಅಂದುಕೊಂಡಳು.

ಹತ್ತು ದಿನ ಬಿಟ್ಟು, ಒಂದು ಬುಧವಾರ, ಮೂರೂವರೆಗೆ ಅಂಗಡಿ ಮುಚ್ಚಿ ಹೊರಟಳು. ರೈಲ್ವೆ ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಕವಚ ಬಿಚ್ಚಿ ಚೀಲಕ್ಕೆ ತುರುಕಿದಳು. ಸ್ಪರ್ಧಿಗಳು ತೊಡುವಂಥದ್ದೇ ಹಸಿರು ಟೀ-ಶರ್ಟು, ಬೆನ್ನ ಮೇಲೆ ತಂಗಿಯ ಏಳನೇ ನಂಬರು, ತಾನೇ ಹೊಲಿದದ್ದು. ತಂಗಿಯ ಮನೆ ಹತ್ತಿರದ ಬೇಕರಿಗೆ ಹೋಗಿ ಗಾಜಿನ ಕಿಟಕಿಯ ಪಕ್ಕವೇ ಕೂತಳು. ಎರಡು ತುಂಡು ಚಾಕೊಲೇಟ್ ಕೇಕು, ಮೂರು ಕ್ರೀಮ್ ಬನ್ನು. ನಾಲ್ಕು ತಿಂಗಳಿಂದ ಬಾಯಿ ಕಟ್ಟಿದವಳಿಗೆ ನಟಿಸುವ ಅಗತ್ಯವೇ ಬೀಳಲಿಲ್ಲ. ಕಾಲೇಜು ಹುಡುಗಿಯರಿಬ್ಬರು ಗುರುತು ಹಿಡಿದು ಪಿಸುಗುಟ್ಟಿ ಫೋನ್ ಎತ್ತಿದರು. ಅವಳು ತುಟಿಯ ಕ್ರೀಮು ಒರೆಸಿಕೊಳ್ಳದೆ, ಅವರಿಗೆ ಚೆನ್ನಾಗಿ ಕಾಣುವಂತೆ ತುಸು ತಿರುಗಿ, ಇನ್ನೊಂದು ಬನ್ನು ತೆಗೆದುಕೊಂಡಳು.

ಆರಕ್ಕೆ ಅಕ್ಕ ದಪ್ಪಗೆ ಮನೆಯಲ್ಲಿದ್ದಳು. ಏಳಕ್ಕೆ ಊರೆಲ್ಲ ಆ ವಿಡಿಯೊ ನೋಡಿತ್ತು. ಅಮ್ಮ ಮೊದಲ ಸಲ ಟಿವಿ ಆರಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಬೆಳಿಗ್ಗೆ ತಂಗಿಯ ಫೋನ್ ಬಂತು. "ಚಾನೆಲ್‌ನವರು ಕರೆದಿದ್ದಾರೆ ಅಕ್ಕ. ನೀನೂ ಬಾರೇ," ಎಂದಳು. ಅಕ್ಕ ಕವಚವನ್ನು ಬಿಗಿಯಾಗಿ ಕಟ್ಟಿಕೊಂಡು, ತಂಗಿಯ ಕಣ್ಣೊರೆಸಲು ಒಗೆದ ಕರವಸ್ತ್ರವೊಂದನ್ನು ಇಟ್ಟುಕೊಂಡು ಹೊರಟಳು.

ನಿರ್ಮಾಪಕಿಯ ಕೋಣೆಯಲ್ಲಿ ತಂಗಿ ಕಣ್ಣು ಕೆಂಪಾಗಿಸಿಕೊಂಡು ಕೂತಿದ್ದಳು. ಗೋಡೆಗೊರಗಿ, ಹೆಗಲಿಗೆ ಕ್ಯಾಮೆರಾ ಚೀಲ ಹಾಕಿದ್ದ ಅಪರಿಚಿತನೊಬ್ಬ ನಿಂತಿದ್ದ. ನಿರ್ಮಾಪಕಿ ಪರದೆ ಹಚ್ಚಿದಳು. ಅದರಲ್ಲಿದ್ದದ್ದು ಬೇಕರಿಯ ವಿಡಿಯೊ ಅಲ್ಲ. ದಪ್ಪಗಿನ ಅಕ್ಕ ಅಂಗಡಿ ಮುಚ್ಚುತ್ತಾಳೆ. ನಿಲ್ದಾಣದ ಹೆಂಗಸರ ಕೋಣೆಗೆ ನುಗ್ಗುತ್ತಾಳೆ. ಹಸಿರು ಟೀ-ಶರ್ಟಿನಲ್ಲಿ ಸಣ್ಣಗೆ ಹೊರಬರುತ್ತಾಳೆ. ಬೇಕರಿಯ ಬಾಗಿಲವರೆಗೂ ಕ್ಯಾಮೆರಾ ಅವಳ ಬೆನ್ನು ಬಿಟ್ಟಿರಲಿಲ್ಲ.

ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ನಿರ್ಮಾಪಕಿ ಒಣ ದನಿಯಲ್ಲಿ ವಿವರಿಸಿದಳು. ತಂಗಿ, ನನ್ನ ಅಕ್ಕ ಯಾರ ಸಹಾಯವೂ ಇಲ್ಲದೆ ನನ್ನಷ್ಟೇ ಇಳಿಸಿದ್ದಾಳೆ, ಕೊನೆಯ ದಿನ ಅವಳನ್ನೂ ವೇದಿಕೆಗೆ ಕರೆಸಿ, ಗೆದ್ದರೆ ಬಹುಮಾನ ಇಬ್ಬರಿಗೂ ಕೊಡಿ, ಅಲ್ಲಿವರೆಗೆ ಅವಳಿಗೆ ಗೊತ್ತಾಗಬಾರದು ಎಂದು ಹಟ ಮಾಡಿದ್ದಳಂತೆ. ಅದಕ್ಕೆಂದೇ ಒಂದು ವಾರದಿಂದ ಈ ಮನುಷ್ಯ ದೂರದಿಂದ ಅಕ್ಕನನ್ನು ಚಿತ್ರೀಕರಿಸುತ್ತಿದ್ದನಂತೆ. ಅಕ್ಕನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ: ಒಂದೇ ಮನೆಯಲ್ಲಿರುವ ಅಮ್ಮನಿಗೂ ತಿಳಿಯದ್ದು ನಿನಗೆ ಹೇಗೆ ತಿಳಿಯಿತು? ತಂಗಿ ತಲೆ ಎತ್ತದೆ ಹೇಳಿದಳು. "ಆ ನೀಲಿ ಗೌನು ಕಳಿಸುವಾಗ ಅಳತೆ ಚೀಟಿ ಇಡೋದನ್ನ ಮರೆತಿದ್ದೆ ಅಕ್ಕ. ನೀನು ಫೋನ್ ಮಾಡಿ ಕೇಳ್ತೀಯ ಅಂತ ಕಾಯ್ತಾ ಇದ್ದೆ. ನೀನು ಕೇಳಲೇ ಇಲ್ಲ. ಆದ್ರೂ ಗೌನು ಬಂದಾಗ, ನನ್ನನ್ನೇ ಎದುರಿಗೆ ನಿಲ್ಲಿಸ್ಕೊಂಡು ಹೊಲಿದ ಹಾಗಿತ್ತು."